ನೆಲ ಕಾಯ್ದ ಗುಡಿಗೆರೆ ಗುರುವಿಗೆ ಸ್ವಂತ ನೆಲವಿರಲಿಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯ ನಮಗೆ ಮದ್ದೂರು ಎಂದರೆ ವಡೆ, ಎಳನೀರು. ಆದರೆ ಅದೇ ತಾಲ್ಲೂಕಿನ ಗುಡಿಗೆರೆ ಎಂಬ ಹಳ್ಳಿಯ ಹೆಸರು 2019ರ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಗೊತ್ತಾದ ಕಾರಣ ಮಾತ್ರ ಸಂತೋಷದ್ದಲ್ಲ.

ಊರಿನವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಬದುಕು ಸಾಗಿಸುತ್ತಿದ್ದ ಮನೆ ಅದು. ಆ ಮನೆಯ ಮಗ ಎಚ್. ಗುರು 2011ರಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆ, ಅಂದರೆ ಸಿಆರ್‌ಪಿಎಫ್ ಸೇರಿದರು. 82ನೇ ಬೆಟಾಲಿಯನ್‌ನಲ್ಲಿದ್ದ ಅವರು ರಜೆ ಮುಗಿಸಿ ಡ್ಯೂಟಿಗೆ ಹೊರಟು ವಾರವೂ ಆಗಿರಲಿಲ್ಲ. ಫೆಬ್ರವರಿ 14ರಂದು 78 ವಾಹನಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜವಾನರು ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುತ್ತಿದ್ದಾಗ, ಪುಲ್ವಾಮಾ ಬಳಿ ಸ್ಫೋಟಕ ತುಂಬಿದ ಕಾರು ಬಸ್ಸಿಗೆ ನುಗ್ಗಿತು. ಸತ್ತವರು 40 ಮಂದಿ. ಅವರಲ್ಲಿ 33ರ ಹರೆಯದ ನಮ್ಮ ಗುರುವೂ ಒಬ್ಬರು.

ಫೆಬ್ರವರಿ 16ರಂದು ಬೆಂಗಳೂರಿನಿಂದ ಮದ್ದೂರಿನತ್ತ ಪಾರ್ಥಿವ ಶರೀರ ಬಂದಾಗ ಹೆದ್ದಾರಿಯ ಎರಡೂ ಬದಿ ಜನವೋ ಜನ. ಆದರೆ ಒಂದು ಮಾತು ಆ ಗದ್ದಲದಲ್ಲೂ ಎದೆಗೆ ಚುಚ್ಚಿತು. ಚಿತೆ ಹಚ್ಚಲು ಆ ಕುಟುಂಬಕ್ಕೆ ಸ್ವಂತ ಜಮೀನಿರಲಿಲ್ಲ! ಮೆಳ್ಳಹಳ್ಳಿ ಬಳಿ ಸರ್ಕಾರಿ ಜಾಗ ಗೊತ್ತುಮಾಡಿ, ಸರ್ಕಾರಿ ಗೌರವದೊಂದಿಗೆ ರಾತ್ರಿ ಸಂಸ್ಕಾರ ನಡೆಯಿತು. ಸುಮಲತಾ ಅಂಬರೀಶ್ ಅರ್ಧ ಎಕರೆ ಕೊಡುವುದಾಗಿ ಹೇಳಿದರು. ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿ 25 ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿದರು.

ನಾವು 'ಮಿಲಿಟ್ರಿಯವನು' ಅಂತೀವಿ. ಸರ್ಕಾರದ ಲೆಕ್ಕ ಬೇರೆ ಸ್ವಾಮಿ. ಸಿಆರ್‌ಪಿಎಫ್ ಇರುವುದು ಗೃಹ ಇಲಾಖೆಯಲ್ಲಿ, ರಕ್ಷಣಾ ಇಲಾಖೆಯಲ್ಲಲ್ಲ. ಆ ಪಡೆಯಿಂದ ನಿವೃತ್ತರಾದವರಿಗೆ 'ಮಾಜಿ ಸೈನಿಕ' ಎಂಬ ಹಕ್ಕಿನ ಹೆಸರೂ ದಕ್ಕುವುದಿಲ್ಲ. ಗುಂಡಿಗೆ, ಬಾಂಬಿಗೆ ಈ ಇಲಾಖೆ ಆ ಇಲಾಖೆ ಅಂತ ಗೊತ್ತೇ?

1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ ಇದೇ ಪಡೆಯ 10 ಜನ ಬಲಿಯಾದ ದಿನ ಅಕ್ಟೋಬರ್ 21. ಆ ದಿನವನ್ನೇ ದೇಶದಲ್ಲಿ ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ಮಂಡ್ಯದ ಕಡೆ ಕೆಲಸವಿದ್ದವರು ಅಂದು ಬೆಳಿಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ ನಿಂತರೆ ಅಂಗಡಿ ವ್ಯಾಪಾರವೇನೂ ಮುಳುಗುವುದಿಲ್ಲ. ಫೆಬ್ರವರಿಯಲ್ಲಿ ಕೂಗಿದ ಜೈಕಾರಕ್ಕಿಂತ ಅಕ್ಟೋಬರಿನ ಆ ಮೌನ ಹೆಚ್ಚು ಬಾಳುತ್ತದೆ.