ಸಂಜೆ ಏಳು ಗಂಟೆಯ ಮನಸ್ಸು

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯ ಜನರಿಗೆ ಬೆಲೆಯ ಏರಿಳಿತವೆಂಬುದು ಹೊಸ ಸಂಗತಿಯಲ್ಲ. ಮಲೆನಾಡಿನ ಜಿಲ್ಲೆಯೆಂದೇ ಹೊರಗಿನವರು ಭಾವಿಸುವ ಚಿಕ್ಕಮಗಳೂರಿನ ಈ ಮೂಡಣ ಸೀಮೆಯು ವಾಸ್ತವವಾಗಿ ಮಳೆ ಕಡಿಮೆಯಾದ ಬಯಲುನಾಡು. ಇಲ್ಲಿಯ ಅನೇಕ ಮನೆಗಳ ಬದುಕನ್ನು ಹೊತ್ತು ನಿಂತಿರುವುದು ತೆಂಗು. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು ಗಡಗಡನೆ ಅಲುಗುವವರೆಗೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವನ್ನೇ ಕಾಯ್ದು, ಸುಲಿದು, ಉಂಡೆ ಕೊಬ್ಬರಿಯನ್ನಾಗಿಸಿ ತಿಪಟೂರು ಅರಸೀಕೆರೆಗಳ ಮಾರುಕಟ್ಟೆಗೆ ಒಯ್ಯುವ ಈ ಸೀಮೆಯ ರೈತನು, 2023ರಲ್ಲಿ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆ ಘೋಷಿತವಾಗಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದುದನ್ನು ಕಂಡನು. ಎರಡೇ ವರ್ಷಗಳ ತರುವಾಯ, 2025ರ ನಡುವಿನಲ್ಲಿ, ಅದೇ ಕೊಬ್ಬರಿಯ ಧಾರಣೆ 25,000ದ ಗಡಿಯನ್ನು ದಾಟಿದುದನ್ನೂ ಕಂಡನು. ಇಳಿದಾಗ ಇನ್ನೂ ಇಳಿದೀತೆಂಬ ಅಂಜಿಕೆ, ಏರಿದಾಗ ಇನ್ನೂ ಏರೀತೆಂಬ ಆಸೆ: ಇವೆರಡರ ನಡುವೆ ತೂಗಾಡುವ ಮನಸ್ಸಿನ ಪರಿಚಯ ಇಲ್ಲಿಯ ಹಿರಿಯರಿಗೆ ಚೆನ್ನಾಗಿಯೇ ಉಂಟು.

ಆದರೆ ಅಟ್ಟವು ಆ ಹಿರಿಯರಿಗೆ ಒಂದು ಮಹದುಪಕಾರವನ್ನು ಮಾಡುತ್ತಿತ್ತು. ಕಾಯಿ ಕೊಬ್ಬರಿಯಾಗುವವರೆಗೆ ಮಾರುವ ಮಾತೇ ಇಲ್ಲವಾದ್ದರಿಂದ, ಭಯವಾಗಲಿ ಲೋಭವಾಗಲಿ ಎಷ್ಟೇ ಪ್ರಬಲವಾಗಿ ಎದ್ದರೂ, ಅದು ಕೃತಿಗೆ ಇಳಿಯುವುದಕ್ಕೆ ಮುನ್ನ ತಣಿಯಲು ತಿಂಗಳುಗಳ ಅವಕಾಶವಿರುತ್ತಿತ್ತು. ಇಂದು ಇಂಥ ಊರುಗಳ ತರುಣರ ಕೈಗೂ ಫೋನಿನ ಮೂಲಕ ಬಂದಿರುವ ಕರೆನ್ಸಿ ವ್ಯಾಪಾರದಲ್ಲಿ ಆ ಅವಕಾಶ ಒಂದು ಕ್ಷಣಕ್ಕೆ ಇಳಿದಿದೆ. ಭಾವ ಏಳುವುದಕ್ಕೂ ಬೆರಳು ಗುಂಡಿಯನ್ನೊತ್ತುವುದಕ್ಕೂ ನಡುವೆ ಏನೂ ಉಳಿದಿಲ್ಲ.

ದೇಶದೇಶಗಳ ಹಣವನ್ನು ಪರಸ್ಪರ ಕೊಂಡು ಮಾರುವ ಈ ಪೇಟೆ ಜಗತ್ತಿನಲ್ಲೇ ಅತಿ ದೊಡ್ಡದು. 2025ರ ಏಪ್ರಿಲಿನ ಗಣನೆಯಂತೆ ಅಲ್ಲಿಯ ಒಂದು ದಿನದ ವಹಿವಾಟು ಸುಮಾರು 9.6 ಲಕ್ಷ ಕೋಟಿ ಡಾಲರು. ಆದರೂ ಯೂರೋ ಡಾಲರುಗಳಂಥ ಪ್ರಮುಖ ನಾಣ್ಯಗಳ ಪರಸ್ಪರ ಬೆಲೆ ಸಾಧಾರಣ ದಿನದಲ್ಲಿ ನೂರಕ್ಕೆ ಒಂದರಷ್ಟೂ ಅಲುಗುವುದಿಲ್ಲ. ಇಷ್ಟು ಅಲ್ಪ ಚಲನೆಯಿಂದ ಲಾಭ ಕಾಣಬೇಕಾದರೆ ಸಾಲದ ಬಲ ಬೇಕು. ಹತ್ತು ಸಾವಿರ ರೂಪಾಯಿಗಳನ್ನು ಮುಂಗಡವಾಗಿ ಇಟ್ಟು ಅದರ ನೂರರಷ್ಟು, ಎಂದರೆ ಹತ್ತು ಲಕ್ಷದ ವ್ಯಾಪಾರ ಮಾಡಬಹುದೆಂದು ಕೆಲವು ಆ್ಯಪುಗಳು ಆಸೆ ತೋರಿಸುತ್ತವೆ. ಆಗ ಬೆಲೆ ನೂರಕ್ಕೆ ಒಂದರಷ್ಟು ಅನುಕೂಲವಾಗಿ ಸರಿದರೆ ಹಣ ಇಮ್ಮಡಿಯಾಗುತ್ತದೆ; ಅಷ್ಟೇ ಪ್ರತಿಕೂಲವಾಗಿ ಸರಿದರೆ ಇಟ್ಟದ್ದೆಲ್ಲವೂ ಹೋಗುತ್ತದೆ. ಹಾಗೆ ಸರಿಯುವುದಕ್ಕೆ ದೊಡ್ಡ ಅನಾಹುತವೇನೂ ನಡೆಯಬೇಕಾಗಿಲ್ಲ, ಅಮೆರಿಕದ ಉದ್ಯೋಗದ ಅಂಕಿ ಅಂಶಗಳು ಪ್ರಕಟವಾದರೂ ಸಾಕು.

ಆ ಅಂಕಿ ಅಂಶಗಳು ಪ್ರಕಟವಾಗುವುದು ನಮ್ಮ ಗಡಿಯಾರದಲ್ಲಿ ಸಂಜೆ ಆರು ಗಂಟೆಗೆ, ಚಳಿಗಾಲದಲ್ಲಿ ಏಳಕ್ಕೆ. ಲಂಡನ್ನಿನ ಪೇಟೆ ಇನ್ನೂ ಮುಚ್ಚಿರದೆ ನ್ಯೂಯಾರ್ಕಿನ ಪೇಟೆ ಆಗಲೇ ತೆರೆದು, ಎರಡರ ಗದ್ದಲವೂ ಕೂಡಿ ಬೆಲೆಗಳು ಅತ್ಯಂತ ಚಂಚಲವಾಗಿರುವ ಹೊತ್ತು ನಮ್ಮಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗಿನದು. ಮನೆಯಲ್ಲಿ ದೀಪ ಹಚ್ಚಿ, ಒಲೆಯ ಮೇಲೆ ಅಡುಗೆ ಬೇಯುತ್ತಿರುವಾಗ, ಅಂಗನವಾಡಿಯ ವಯಸ್ಸಿನ ಮಗುವು ಅಪ್ಪನ ತೊಡೆಯ ಮೇಲೆ ಬಂದು ಕುಳಿತು ಕಥೆಯನ್ನು ಕೇಳುವ ಹೊತ್ತೂ ಅದೇ. ಈ ಎರಡು ವಿಷಯಗಳು ಮೇಲುನೋಟಕ್ಕೆ ಎಷ್ಟು ದೂರದವಾದರೂ ಒಂದೇ ಲೇಖನದಲ್ಲಿ ಕೂಡಿ ಬರಲು ಕಾರಣ ಹೊತ್ತಿನ ಈ ಪೈಪೋಟಿ ಮಾತ್ರವಲ್ಲ, ಅದಕ್ಕಿಂತ ಆಳವಾದ ನಂಟೊಂದು ಅವುಗಳ ನಡುವೆ ಇದೆಯೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಪೇಟೆಯ ಮಾತು. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಮಂಡಿಸಿ ಮುಂದೆ ಬೆಳೆಸಿದ ಸಿದ್ಧಾಂತದಂತೆ, ನೂರು ರೂಪಾಯಿ ಕಳೆದುಕೊಂಡ ನೋವು ನೂರು ರೂಪಾಯಿ ಗಳಿಸಿದ ಸಂತೋಷದ ಸುಮಾರು ಎರಡರಷ್ಟು. ಇದರ ಫಲವನ್ನು 1985ರಲ್ಲಿ ಶೆಫ್ರಿನ್ ಮತ್ತು ಸ್ಟಾಟ್ಮನ್ ಎಂಬ ವಿದ್ವಾಂಸರು ವಿವರಿಸಿದರು: ಮನುಷ್ಯನು ಲಾಭದಲ್ಲಿರುವುದನ್ನು ಅವಸರದಿಂದ ಮಾರುತ್ತಾನೆ, ನಷ್ಟದಲ್ಲಿರುವುದನ್ನು ಬಿಡದೆ ಹಿಡಿದಿರುತ್ತಾನೆ, ಏಕೆಂದರೆ ಮಾರುವವರೆಗೆ ಆ ನಷ್ಟ ನಿಜವಾಗಲಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳಬಹುದು. ಹೀಗೆ ಗಳಿಕೆ ಕಿರಿದಾಗುತ್ತದೆ, ನಷ್ಟ ಹಿರಿದಾಗುತ್ತದೆ. ಕೊನೆಗೆ ಮಾರಲೇಬೇಕಾಗಿ ಬಂದಾಗ ದುಃಖವು ರೋಷವಾಗಿ, ಹೋದದ್ದನ್ನು ಇಂದೇ ಮರಳಿ ಪಡೆಯಬೇಕೆಂಬ ಛಲ ಹುಟ್ಟಿ, ಮೊದಲಿನ ಇಮ್ಮಡಿ ಹಣವನ್ನು ಹೂಡುವ ಘಟ್ಟ ಬರುತ್ತದೆ. ಮನೆ ಮುಳುಗುವುದು ಹೆಚ್ಚಾಗಿ ಮೊದಲನೆಯ ನಷ್ಟದಿಂದಲ್ಲ, ಆ ಛಲದಿಂದ.

ಅಂಕಿಗಳೂ ಇದನ್ನೇ ಹೇಳುತ್ತವೆ. ಐರೋಪ್ಯ ಒಕ್ಕೂಟದ ಷೇರುಪೇಟೆ ನಿಯಂತ್ರಕರು 2018ರಲ್ಲಿ ಕರೆನ್ಸಿ ಮೊದಲಾದವುಗಳ ಬೆಲೆ ವ್ಯತ್ಯಾಸದ ಮೇಲೆ ನಡೆಯುವ ಇಂಥ ಸಾಲಬಲದ ವ್ಯಾಪಾರವನ್ನು ಪರಿಶೀಲಿಸಿದಾಗ, ಸಾಮಾನ್ಯ ಜನರ ಖಾತೆಗಳಲ್ಲಿ ನೂರಕ್ಕೆ 74ರಿಂದ 89 ನಷ್ಟದಲ್ಲಿದ್ದುವು. ನಮ್ಮ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ ಷೇರುಪೇಟೆಯ ಫ್ಯೂಚರ್ಸ್ ಆಪ್ಷನ್ಸುಗಳೆಂಬ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳಲ್ಲಿ ಮೂರು ವರ್ಷಗಳ ಅವಧಿಯಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಸೋತರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಎರಡನೆಯದು ಕರೆನ್ಸಿಯ ಲೆಕ್ಕವಲ್ಲ, ನಿಜ. ಆದರೆ ಎರಡೂ ಕಡೆ ಕೂತಿರುವ ಮನಸ್ಸು ಒಂದೇ.

ಭಾವಗಳನ್ನು ಗೆದ್ದೆನೆಂಬುವನಿಗೂ ಈ ಪೇಟೆಯಲ್ಲಿ ಅಭಯವಿಲ್ಲ. ಸ್ವಿಟ್ಜರ್‌ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋಗೆ ತನ್ನ ಫ್ರಾಂಕು 1.20ಕ್ಕಿಂತ ಕಡಿಮೆಯಾಗಗೊಡದಂತೆ 2011ರಿಂದ ಕಾಯ್ದುಕೊಂಡು ಬಂದಿದ್ದ ಮಿತಿಯನ್ನು 2015ರ ಜನವರಿ 15ರಂದು ಪೂರ್ವಸೂಚನೆಯಿಲ್ಲದೆ ಕೈಬಿಟ್ಟಾಗ, ನಿಮಿಷಗಳಲ್ಲಿ ಫ್ರಾಂಕಿನ ಬೆಲೆ ನೆಗೆಯಿತು. ಇಷ್ಟು ನಷ್ಟವಾದರೆ ತಾನಾಗಿ ಮಾರಾಟವಾಗಲೆಂದು ಮೊದಲೇ ಆದೇಶವಿತ್ತು ವಿವೇಕದಿಂದ ನಡೆದವರಿಗೂ ಆ ಬೆಲೆಯಲ್ಲಿ ಕೊಳ್ಳುವವರೇ ದೊರೆಯದೆ, ಅನೇಕರು ಇಟ್ಟ ಹಣವನ್ನೆಲ್ಲ ಕಳೆದುಕೊಂಡು ಮೇಲೆ ಬಾಕಿದಾರರೂ ಆದರು.

ನಮ್ಮ ಕಾನೂನಿನ ಮಾತನ್ನೂ ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಭಾರತದಲ್ಲಿ ಸಾಮಾನ್ಯನು ಇಂಥ ವ್ಯಾಪಾರ ಮಾಡಬಹುದಾದದ್ದು ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ ಅಥವಾ ರಿಸರ್ವ್ ಬ್ಯಾಂಕಿನ ಅನುಮತಿಯುಳ್ಳ ವೇದಿಕೆಗಳಲ್ಲಿ ಮಾತ್ರ. ಅಲ್ಲಿಯೂ, 2024ರ ಮೇ 3ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಆದೇಶದಂತೆ, ರಫ್ತು, ಆಮದು, ವಿದೇಶಿ ಸಾಲ ಮುಂತಾದ ನಿಜವಾದ ವ್ಯವಹಾರವಿದ್ದವನು ತನ್ನನ್ನು ಕಾಪಾಡಿಕೊಳ್ಳಲು ರೂಪಾಯಿಯ ಮೇಲಿನ ಇಂಥ ವ್ಯಾಪಾರ ಮಾಡಬಹುದೇ ಹೊರತು, ಬರಿಯ ಊಹೆಯ ಮೇಲಿನ ಆಟಕ್ಕೆ ಅದು ತೆರೆದಿಲ್ಲ. ಅನುಮತಿಯಿಲ್ಲದ ಆ್ಯಪುಗಳ ಹಾಗೂ ಜಾಲತಾಣಗಳ ಎಚ್ಚರಿಕೆಯ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಿಂದ ಪ್ರಕಟಿಸುತ್ತಿದೆ. ಡಾಲರು ರೂಪಾಯಿಗಳ ವಹಿವಾಟು ನಮ್ಮ ವಿನಿಮಯ ಕೇಂದ್ರಗಳಲ್ಲಿ ಸಂಜೆ ಐದಕ್ಕೆ ಮುಗಿಯುತ್ತದೆ. ರಾತ್ರಿ ಒಂಬತ್ತರಲ್ಲಿ ಡಾಲರಿನ ಲಾಭ ತೋರಿಸುವ ಅಪರಿಚಿತ ಆ್ಯಪನ್ನು ಕುರಿತು ಸಂಶಯಪಡಲು ಗಡಿಯಾರವೊಂದೇ ಸಾಕಾದ ಸಾಕ್ಷಿ.

ಹೀಗಿರಲು, ನ್ಯಾಯವಾದ ಕಾರಣದಿಂದಲೇ ಈ ಪೇಟೆಗೆ ಹೋಗಬೇಕಾದವನು ಏನು ಮಾಡಬೇಕು? ಮನಸ್ಸು ಕುದಿಯುತ್ತಿರುವಾಗ ಅದನ್ನು ಆಳಲು ಹೊರಡಬಾರದು. ಎಷ್ಟು ಹೂಡುವುದು, ಎಷ್ಟು ಹೋದರೆ ಎದ್ದುಬಿಡುವುದು ಎಂಬೆರಡನ್ನೂ ಪೇಟೆ ತೆರೆಯುವ ಮುನ್ನ ಕಾಗದದ ಮೇಲೆ ಬರೆದಿಡಬೇಕು. ಮಕ್ಕಳ ಫೀಸಿನ ಹಣವನ್ನಾಗಲಿ ಕೊಳವೆಬಾವಿಯ ಸಾಲದ ಹಣವನ್ನಾಗಲಿ ಮುಟ್ಟಬಾರದು. ಸೋತ ದಿನ ಮತ್ತೆ ಕೈ ಹಾಕಬಾರದು. ಇದಕ್ಕೆ ಅನುಭವಸ್ಥರು ಇನ್ನೊಂದನ್ನು ಸೇರಿಸುತ್ತಾರೆ: ದಿನಚರಿ. ಕೊಂಡದ್ದು ಮಾರಿದ್ದು ಮಾತ್ರವಲ್ಲ, ಆ ಹೊತ್ತಿನಲ್ಲಿ ತನಗೆ ಏನನ್ನಿಸಿತೆಂಬುದನ್ನೂ ಅಲ್ಲಿ ಬರೆಯಬೇಕು. ‘ಅಂಜಿದೆ’, ‘ಅವನಿಗೆ ಬಂದ ಲಾಭ ಕಂಡು ಹೊಟ್ಟೆ ಉರಿಯಿತು’, ‘ಮಾನ ಹೋಯಿತೆನಿಸಿತು’ ಎಂದು ಬರೆದವನ ಕೈ ಮುಂದಿನ ಕ್ಷಣ ಕೊಂಚ ತಡೆಯುತ್ತದೆ. 2007ರಲ್ಲಿ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ ಪ್ರಯೋಗವು ಇದಕ್ಕೆ ಒಂದು ಆಧಾರವನ್ನು ಕೊಟ್ಟಿತು: ಭಯ ಕೋಪಗಳನ್ನು ತೋರುವ ಮುಖಗಳನ್ನು ನೋಡುವವರು ಆ ಭಾವಕ್ಕೆ ಹೆಸರು ಹೇಳಿದಾಗ, ಮೆದುಳಿನಲ್ಲಿ ಉದ್ವೇಗಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ತಗ್ಗುತ್ತಿತ್ತು.

ಭಾವಕ್ಕೆ ಮಾತು ದೊರೆತರೆ ಅದರ ಬಿರುಸು ತಗ್ಗುತ್ತದೆಯೆಂದಾದ ಮೇಲೆ, ಆ ಮಾತು ಮನುಷ್ಯನಿಗೆ ಮೊದಲು ಎಲ್ಲಿ ದೊರೆಯುತ್ತದೆಯೆಂದು ಕೇಳಬೇಕಾಗುತ್ತದೆ. ಮೂವತ್ತರ ವಯಸ್ಸಿನಲ್ಲಿ, ಹಣ ಕಳೆದುಕೊಂಡ ರಾತ್ರಿಯಲ್ಲಿ, ಅದನ್ನು ಹುಡುಕಿಕೊಳ್ಳುವುದು ಬಹಳ ಕಷ್ಟ. ಅದು ದೊರೆಯಬೇಕಾದ ಕಾಲ ಮೂರು ನಾಲ್ಕರ ವಯಸ್ಸು; ದೊರೆಯಬೇಕಾದ ಸ್ಥಳ ಗಟ್ಟಿಯಾಗಿ ಕಥೆ ಓದುವವರ ಮಡಿಲು.

ಗೋವಿನ ಹಾಡನ್ನೇ ನೋಡಿರಿ. ಕನ್ನಡದ ಮನೆಗಳಲ್ಲಿ ಅದನ್ನು ಕೇಳದೆ ಬೆಳೆದವರು ವಿರಳ. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೊರಟ ಪುಣ್ಯಕೋಟಿ ಕರುವಿಗೆ ಕೊನೆಯ ಹಾಲೂಡಿಸಿ ಅಗಲುವ ಘಟ್ಟ ಬಂದಾಗ, ಕೇಳುವ ಮಗುವಿನ ತುಟಿ ನಡುಗುತ್ತದೆ, ಕಣ್ಣು ತುಂಬುತ್ತದೆ. ಹೇಳುತ್ತಿರುವ ಅಜ್ಜಿ ಅಲ್ಲಿ ನಿಲ್ಲಿಸುವುದಿಲ್ಲ, ಆ ಭಾಗವನ್ನು ಹಾರಿಸಿಬಿಡುವುದೂ ಇಲ್ಲ. ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಮುಂದುವರಿಸುತ್ತಾಳೆ. ಅಗಲಿಕೆಯ ದುಃಖ, ಹುಲಿಯ ಭಯ, ಗೋವು ಹಿಂತಿರುಗಿ ಬಂದುದನ್ನು ಕಂಡ ಹುಲಿಯ ಪಶ್ಚಾತ್ತಾಪ, ಇವಿಷ್ಟನ್ನೂ ಮಗುವು ಸುರಕ್ಷಿತವಾದ ಮಡಿಲಿನಲ್ಲಿ ಕುಳಿತು ಅನುಭವಿಸಿ, ದುಃಖವೆಂಬುದು ಬರುತ್ತದೆ, ನಿಲ್ಲುತ್ತದೆ, ಕಳೆಯುತ್ತದೆ ಎಂಬುದನ್ನು ಯಾರ ಉಪದೇಶವೂ ಇಲ್ಲದೆ ತಿಳಿಯುತ್ತದೆ. ಮರುದಿನ ಅದೇ ಕಥೆ ಬೇಕೆಂದು ಹಟ ಹಿಡಿಯುವುದೂ ಇದಕ್ಕಾಗಿಯೇ. ಅಂತ್ಯ ತಿಳಿದಿರುವ ಭಯವನ್ನು ಮತ್ತೆ ಮತ್ತೆ ದಾಟಿ ಅದು ತನ್ನ ಧೈರ್ಯವನ್ನು ಅಭ್ಯಾಸ ಮಾಡುತ್ತಿರುತ್ತದೆ. ಬೇಸರಪಟ್ಟು ಬೇರೆ ಪುಸ್ತಕವನ್ನು ಮುಂದೊಡ್ಡುವ ದೊಡ್ಡವರು ಇದನ್ನರಿಯರು.

ಗಟ್ಟಿಯಾಗಿ ಓದುವುದು ಈ ಸೀಮೆಗೆ ಪರಕೀಯವಾದ ಪದ್ಧತಿಯೂ ಅಲ್ಲ. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನು ಇದೇ ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧಿ. ಆತನ ಕಾವ್ಯ ಕನ್ನಡಿಗರ ನಾಲಗೆಯಲ್ಲಿ ನೆಲಸಿದ್ದು ಮೌನವಾಗಿ ಓದಿದವರಿಂದಲ್ಲ. ಹಳ್ಳಿಯ ಜಗಲಿಯಲ್ಲಿ, ದೇವಾಲಯದ ಅಂಗಳದಲ್ಲಿ, ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುತ್ತಿದ್ದ ಗಮಕದ ಗೋಷ್ಠಿಗಳಿಂದ. ಮಳೆ ಬಾರದ ವರ್ಷ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸುವ ಪದ್ಧತಿ ಕನ್ನಡನಾಡಿನಲ್ಲಿ ರೂಢವಾಗಿತ್ತು. ಊರಿಗೆ ಊರೇ ಆತಂಕದಲ್ಲಿದ್ದಾಗ ಕೂಡಿ ಕುಳಿತು ಒಂದು ಕಥೆಯನ್ನು ಕೇಳುವುದರಿಂದ ಮೋಡಕ್ಕೆ ಏನಾಗುತ್ತಿತ್ತೋ, ಮನುಷ್ಯರ ಎದೆಗಂತೂ ಬಲ ಬರುತ್ತಿತ್ತು. ಆ ಗೋಷ್ಠಿಯ ಮೂಲೆಯಲ್ಲಿ ತಾಯಂದಿರ ತೊಡೆಯ ಮೇಲೆ ಮಕ್ಕಳೂ ಇರುತ್ತಿದ್ದರು. ಲಕ್ಷ್ಮೀಶನು ಹಾಡಿದ ಅನಾಥ ಚಂದ್ರಹಾಸನ ಕಥೆಯನ್ನು ಅರ್ಧ ನಿದ್ದೆಯಲ್ಲಿಯೇ ಕೇಳಿ ಬೆಳೆದರು.

ಗಮಕದಲ್ಲಿ ಓದಿಗೂ ವಿವರಣೆಗೂ ನಡುವೆ ಇರುವ ಬಿಡುವು ಮಗುವಿನ ಓದಿಗೂ ಅಗತ್ಯ. ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಮೂರು ವರ್ಷದ ಮಕ್ಕಳಿಗೆ ಬರಿದೇ ಓದಿ ಹೇಳದೆ ‘ಈಗೇನಾಗುತ್ತದೆ?’, ‘ಕರು ಯಾಕೆ ಅಳುತ್ತಿದೆ?’ ಎಂಬಂಥ ಪ್ರಶ್ನೆಗಳನ್ನು ಕೇಳಿ ಉತ್ತರಕ್ಕೆ ಕಾಯುವುದನ್ನು ತಂದೆತಾಯಿಗಳು ಒಂದು ತಿಂಗಳು ರೂಢಿಸಿಕೊಂಡುದರಿಂದಲೇ, ಆ ಮಕ್ಕಳ ಮಾತು ಇತರರಿಗಿಂತ ಹಲವು ತಿಂಗಳಷ್ಟು ಮುಂದೆ ಹೋಯಿತು. ಆದರೆ ಪ್ರಶ್ನೆಯು ಪರೀಕ್ಷೆಯಾಗಬಾರದು. ಮಗು ತಪ್ಪು ಹೇಳಿದರೆ ತಿದ್ದುವ ಆತುರ ಬೇಡ. ಪುಟ ತಿರುಗಿಸಲು ಅದಕ್ಕೇ ಬಿಡಬಹುದು. ಗ್ರಂಥದ ಮಾತು ಬಿಗಿಯಾದೆಡೆ ನಮ್ಮ ಕಡೆಯ ಆಡುಮಾತಿನಲ್ಲಿಯೇ ಹೇಳಬಹುದು. ಅಕ್ಷರ ಬಾರದ ಅಜ್ಜಿಯೂ ಚಿತ್ರವನ್ನು ನೋಡಿ ಕಥೆ ಕಟ್ಟಬಲ್ಲಳು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಶೈಶವದಿಂದಲೇ ಓದಿ ಹೇಳಬೇಕೆಂದು 2014ರಲ್ಲಿ ಸಲಹೆಯಿತ್ತಿತು. ಇನ್ನೂ ಮಾತು ಬಾರದ ಕೂಸಿಗೆ ಅರ್ಥ ತಿಳಿಯದಿದ್ದರೂ ತನ್ನವರ ಕಂಠದ ಏರಿಳಿತ ತಿಳಿಯುತ್ತದೆ. ಒಂದೇ ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿರಬೇಕು: ಓದುವ ಹೊತ್ತಿನಲ್ಲಿ ಫೋನು ಬೇರೆ ಕೋಣೆಯಲ್ಲಿರಬೇಕು. ಕಥೆಯ ನಡುವೆ ಒಮ್ಮೆ ಬೆಲೆ ನೋಡಿದ ತಂದೆಯ ದನಿ ಬದಲಾಗಿರುತ್ತದೆ. ಮಗುವಿಗೆ ಕಾರಣ ತಿಳಿಯದಿದ್ದರೂ ಬದಲಾವಣೆ ತಿಳಿಯುತ್ತದೆ, ಅದಕ್ಕೆ ತಾನೇ ಕಾರಣವೆಂದು ಭಾವಿಸುತ್ತದೆ.

ಓದಿ ಹೇಳುವ ಪುಸ್ತಕಗಳಿಗೆ ಕನ್ನಡದಲ್ಲಿ ಬರವಿಲ್ಲ. ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದಂದಿನಿಂದ ಕುವೆಂಪು, ರಾಜರತ್ನಂ, ಶಿವರಾಮ ಕಾರಂತರಂಥ ದೊಡ್ಡವರು ಚಿಕ್ಕವರಿಗಾಗಿ ಶ್ರದ್ಧೆಯಿಂದ ಬರೆದಿದ್ದಾರೆ. ಬಿಡುವಿನ ದಿನ ತರೀಕೆರೆಯ ಬಳಿಯ ಅಮೃತಾಪುರಕ್ಕೆ ಮಕ್ಕಳನ್ನು ಕರೆದೊಯ್ದರೆ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಗೋಡೆಯಲ್ಲಿ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳನ್ನು ಕಲ್ಲಿನ ಪಟ್ಟಿಕೆಗಳಲ್ಲಿ ಒಂದೊಂದಾಗಿ ತೋರಿಸುತ್ತ ಹೇಳಬಹುದು.

ಪುಸ್ತಕ ಕೊಳ್ಳುವ ಶಕ್ತಿಯಿಲ್ಲದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. 2020ರ ನವೆಂಬರ್ 14ರಂದು ರಾಜ್ಯದಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟರ ವಯಸ್ಸಿನ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದ ಸದಸ್ಯತ್ವ ಸಿಕ್ಕಿತು. ಅಂಗನವಾಡಿಯ ಮಗು ಆ ವಯಸ್ಸಿನದಲ್ಲವೆಂದು ಚಿಂತಿಸಬೇಕಾದ್ದಿಲ್ಲ. ನಾಲ್ಕನೆಯ ತರಗತಿಯ ಅಕ್ಕನ ಹೆಸರಿನಲ್ಲಿ ಪುಸ್ತಕ ಮನೆಗೆ ಬರುತ್ತದೆ. ಅಪ್ಪ ತೋಟದಿಂದ ತಡವಾಗಿ ಬರುವ ದಿನಗಳಲ್ಲಿ ಅದನ್ನು ತಮ್ಮನಿಗೆ ಓದಿ ಹೇಳುವ ಕೆಲಸವನ್ನೂ ಅವಳಿಗೇ ವಹಿಸಬಹುದು. ಗಟ್ಟಿಯಾಗಿ, ನಿಧಾನವಾಗಿ, ಹುಲಿಗೆ ಹುಲಿಯ ದನಿಯನ್ನೂ ಕರುವಿಗೆ ಕರುವಿನ ದನಿಯನ್ನೂ ಕೊಟ್ಟು ಓದುವಾಗ ಅವಳ ಓದೂ ಹದವಾಗುತ್ತದೆ.