ದೂರದ ಓಟದ ತಯಾರಿ ಮತ್ತು ಕಣಕಾಲಿನ ನೋವು

ದೂರದ ಓಟಕ್ಕೆ ತಯಾರಾಗುವವರ ಕಾಲು ಕೆಡುವುದು ಬಿದ್ದು ಪೆಟ್ಟಾಗಿ ಅಲ್ಲ; ಬಹುಪಾಲು ಅದು ಸಾವಿರಾರು ಹೆಜ್ಜೆಗಳ ಭಾರ ಒಂದೇ ಜಾಗದಲ್ಲಿ ಕೂಡಿಬಂದದ್ದರ ಫಲ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಭಾರ ಹೆಚ್ಚಿದಂತೆ ಎಲುಬು ತನ್ನ ಹಳೆಯ ಭಾಗವನ್ನು ಕರಗಿಸಿ ಗಟ್ಟಿಯಾದ ಹೊಸ ಭಾಗ ಕಟ್ಟಿಕೊಳ್ಳುತ್ತದೆ. ಕರಗಿಸುವ ಕೆಲಸ ಮೊದಲು, ಕಟ್ಟುವ ಕೆಲಸ ಆಮೇಲೆ. ನಡುವಿನ ವಾರಗಳಲ್ಲಿ ಎಲುಬು ಮೊದಲಿಗಿಂತ ಬಡವಾಗಿರುತ್ತದೆ. ದಮ್ಮು ಮಾತ್ರ ಅದೇ ವಾರಗಳಲ್ಲಿ ಬೇಗ ಹೆಚ್ಚುತ್ತದೆ. ಇನ್ನೂ ಓಡಬಹುದು ಎಂದು ಎದೆ ಹೇಳುವ ಹೊತ್ತಿಗೆ ಕಾಲು ಸಿದ್ಧವಾಗಿರುವುದಿಲ್ಲ. ಹೆಚ್ಚಿನ ನೋವುಗಳ ಮೂಲ ಈ ಅಂತರ.

ನವಲಿ, ಕನಕಗಿರಿ, ಗಂಗಾವತಿ ಸೀಮೆಯಲ್ಲಿ ನಸುಕಿನಲ್ಲಿ ಓಡುವ ಹುಡುಗರಲ್ಲಿ ಹಲವರ ಗುರಿ ಪೊಲೀಸ್ ನೇಮಕಾತಿ. ಅಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅಂಥ ತಯಾರಿಯಿಂದ ನೇರವಾಗಿ 21 ಕಿಲೋಮೀಟರಿನ ಅರ್ಧ ಮ್ಯಾರಥಾನಿಗೋ 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನಿಗೋ ಹಾರಿದರೆ ವೇಗ ಹಳೆಯದೇ ಉಳಿದು ದೂರ ಮಾತ್ರ ಏರುತ್ತದೆ. ನೆಲವೂ ಲೆಕ್ಕಕ್ಕೆ ಬರುತ್ತದೆ. ಡಾಂಬರು ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ ದಿನವೂ ಒಂದೇ ಬದಿಯಲ್ಲಿ ಓಡುವವರ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಎರೆ ಹೊಲದ ದಾರಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ಉಳುಕಿಸುತ್ತದೆ. ಸಮತಟ್ಟಾದ ಮಸಾರಿ ದಾರಿಯೇ ಮೇಲು. ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತುವುದು ಒಳ್ಳೆಯ ವ್ಯಾಯಾಮವೇ, ಆದರೆ ಇಳಿಯುವಾಗ ಮೊಣಕಾಲ ಚಿಪ್ಪಿನ ಮೇಲೆ ಒತ್ತಡ ಹೆಚ್ಚು. ಮೊಣಕಾಲು ನೋಯುವವರು ಓಡಿ ಇಳಿಯಲೇಬಾರದು.

ಕಣಕಾಲಿನ ನೋವಿನಲ್ಲಿ ಎರಡು ಬಗೆಯನ್ನು ಬೇರೆಮಾಡಿ ನೋಡುವುದು ಅತಿ ಮುಖ್ಯ. ಎಲುಬಿನ ಒಳಬದಿಯ ಅಂಚಿಗೆ ಬೆರಳೊತ್ತುತ್ತಾ ಕೆಳಗಿನಿಂದ ಮೇಲಕ್ಕೆ ಬಂದಾಗ ನಾಲ್ಕೈದು ಬೆರಳಿನಗಲಕ್ಕೆ ನೋವು ಹರಡಿದ್ದು, ಓಟದ ಆರಂಭದಲ್ಲಿ ಚುಚ್ಚಿ ಮೈ ಬಿಸಿಯಾದಂತೆ ಇಳಿದರೆ ಅದು ಸಾಮಾನ್ಯವಾಗಿ ಎಲುಬಿನ ಮೇಲ್ಪದರದ ಕೆರಳಿಕೆ. ಒಂದೇ ಬೆರಳಿನಿಂದ ತೋರಿಸಬಹುದಾದ ಬಿಂದುವಿನಲ್ಲಿ ನೋವಿದ್ದು, ಓಡಿದಷ್ಟೂ ಏರಿ, ರಾತ್ರಿ ಮಲಗಿದಾಗಲೂ ಕಾಡಿದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಬಹಳ ಸಲ ಕಾಣುವುದೇ ಇಲ್ಲ. ಎಕ್ಸ್‌ರೇ ಸರಿಯಿದೆ ಎಂಬ ಒಂದೇ ಮಾತಿಗೆ ಮತ್ತೆ ಓಡತೊಡಗಿ ಬಿರುಕನ್ನು ಪೂರ್ತಿ ಮುರಿತ ಮಾಡಿಕೊಳ್ಳುವ ಅಪಾಯ ಇರುವುದು ಇಲ್ಲಿಯೇ. ಎಂಆರ್‌ಐ ಅದನ್ನು ಬೇಗ ತೋರಿಸುತ್ತದೆ. ತೊಡೆಸಂದಿಯಲ್ಲಿ ನೋವು ಬಂದು ಕಾಲೂರಲು ಆಗದಿದ್ದರೆ ಅಂದೇ ಎಲುಬು ತಜ್ಞರನ್ನು ಕಾಣಬೇಕು. ಊಟ ಸಾಲದೆ ಓಡುವವರಲ್ಲಿ ಎಲುಬು ಬೇಗ ಸೋಲುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತರೆ ಅದು ಇದರದೇ ಸೂಚನೆಯಾಗಿರಬಹುದು, ದಣಿವೆಂದು ತಳ್ಳಿಹಾಕುವಂಥದ್ದಲ್ಲ.

ನೋವಿನ ಗುಳಿಗೆ ನುಂಗಿ ಅಥವಾ ಸೂಜಿ ಹಾಕಿಸಿಕೊಂಡು ಓಡುವುದು ತೀರ ಕೆಟ್ಟ ರೂಢಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಔಷಧಗಳು ನೋವಿನ ಎಚ್ಚರಿಕೆಯನ್ನು ಮರೆಮಾಡುತ್ತವೆ. ಬಿಸಿಲಲ್ಲಿ ಬೆವರಿ ಮೈಯ ನೀರು ಇಳಿದಾಗ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು. ಪೆಟ್ಟಿಗೆ ವಿಶ್ರಾಂತಿ, ಮಂಜು, ಬಿಗಿಪಟ್ಟಿ, ಕಾಲೆತ್ತಿ ಇಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮಂಜು ಮತ್ತು ಪೂರ್ತಿ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ತಿದ್ದಿಕೊಂಡರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯುವವರಿಗಂತೂ ಸುಮ್ಮನೆ ಕೂಡುವುದಕ್ಕಿಂತ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಇಳಿಸುವ ವ್ಯಾಯಾಮ ಹೆಚ್ಚು ಫಲ ಕೊಡುತ್ತದೆ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ 12 ವಾರಗಳದು.

ಬಿರುಕು ಖಚಿತವಾದರೆ ಕಣಕಾಲಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವು ಜಾಗಗಳಲ್ಲಿ ಇನ್ನೂ ಹೆಚ್ಚು ಕಾಲ, ಓಟ ಬಿಡಬೇಕು. ಸ್ಪರ್ಧೆ ಅಷ್ಟರೊಳಗಿದ್ದರೆ ಆ ವರ್ಷ ಕೈಬಿಡುವುದೇ ಸರಿ. ನೋವಾಗದಿದ್ದರೆ ಸೈಕಲ್ ತುಳಿದು ದಮ್ಮನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಮರಳಿ ಓಡುವ ಮುನ್ನ ಅರ್ಧ ಗಂಟೆಯ ಬಿರುಸು ನಡಿಗೆ ನೋವಿಲ್ಲದೆ ಸಾಗಬೇಕು. ಆಮೇಲೆ ದಿನ ಬಿಟ್ಟು ದಿನ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮರುದಿನ ಬೆಳಗ್ಗೆ ನೋವು ಕಾಣದಿದ್ದರೆ ಮಾತ್ರ ಓಟದ ಪಾಲು ಹೆಚ್ಚಿಸಬೇಕು. ಮೊದಲು ದೂರ, ಆನಂತರ ವೇಗ, ಗುಡ್ಡ ಮತ್ತು ಮೆಟ್ಟಿಲು ಎಲ್ಲಕ್ಕಿಂತ ಕೊನೆಗೆ.