ಎಲ್ಲರಿಗೂ ಎಟಕುವ ಹವ್ಯಾಸಿ ರೇಡಿಯೋ ಸ್ಪರ್ಧೆ

ತಂತಿಯ ನೆರವಿಲ್ಲದೆ ದೂರದೂರಿನವರೊಡನೆ ಮಾತನಾಡುವುದು ಇಂದು ಚಿಕ್ಕ ಮಕ್ಕಳಿಗೂ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಕಿಸೆಯಲ್ಲಿ ಮೊಬೈಲ್ ಫೋನ್ ಇರುವಾಗ ರೇಡಿಯೋ ಯಂತ್ರವನ್ನು ಮುಂದಿಟ್ಟುಕೊಂಡು ಅಪರಿಚಿತರನ್ನು ಕೂಗಿ ಕರೆಯುವ ಹವ್ಯಾಸವೇಕೆ ಎಂದು ಕೇಳುವವರು ಉಂಟು. ಪ್ರಶ್ನೆ ಸಹಜವಾದುದೇ. ಆದರೆ ಮೊಬೈಲ್ ಫೋನ್ ನಡೆಯಬೇಕಾದರೆ ಗೋಪುರ, ವಿದ್ಯುಚ್ಛಕ್ತಿ, ಕೇಬಲ್ಲು, ಕಂಪನಿಯ ಕೇಂದ್ರ ಇವೆಲ್ಲವೂ ಏಕಕಾಲಕ್ಕೆ ಸುಸ್ಥಿತಿಯಲ್ಲಿರಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಕೈಯಲ್ಲಿರುವ ಫೋನು ಮೂಕವಾಗುತ್ತದೆ. 2009ರ ಅಕ್ಟೋಬರ್ ತಿಂಗಳಲ್ಲಿ ಕೃಷ್ಣಾ, ತುಂಗಭದ್ರಾ ನದಿಗಳು ಉಕ್ಕಿ ಕರ್ನೂಲು ನಗರಕ್ಕೂ ಆಲಂಪುರಕ್ಕೂ ನೀರು ನುಗ್ಗಿದ ದಿನಗಳನ್ನು ಕಂಡ ನಮ್ಮ ಭಾಗದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದು ಬ್ಯಾಟರಿ, ಒಂದು ಯಂತ್ರ, ಮರಕ್ಕೆ ಕಟ್ಟಿದ ಒಂದು ತಾಮ್ರದ ತಂತಿ, ಇಷ್ಟರಿಂದಲೇ ನಡೆಯುವ ಸಂಪರ್ಕ ಸಾಧನವೆಂದರೆ ಹವ್ಯಾಸಿ ರೇಡಿಯೋ.

ಈ ಹವ್ಯಾಸಿಗಳನ್ನು ಲೋಕವೆಲ್ಲ 'ಹ್ಯಾಮ್' ಎಂದು ಕರೆಯುತ್ತದೆ. ಭಾರತದಲ್ಲಿ 12 ವರ್ಷ ತುಂಬಿದವರು ವಿದ್ಯುತ್ತಿನ ಮತ್ತು ರೇಡಿಯೋ ಶಾಸ್ತ್ರದ ಮೂಲಪಾಠಗಳಲ್ಲಿಯೂ ನಿಯಮಾವಳಿಯಲ್ಲಿಯೂ ಪರೀಕ್ಷೆ ಕೊಟ್ಟು ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯದಿಂದ ಪರವಾನಗಿ ಪಡೆಯಬಹುದು. ಪರವಾನಗಿ ಪಡೆದವರಿಗೆ 'ವಿ.ಯು.' ಎಂದು ಆರಂಭವಾಗುವ ಕರೆಸಂಕೇತ ದೊರೆಯುತ್ತದೆ. ವಾಯುತರಂಗದಲ್ಲಿ ಅದೇ ಅವರ ಹೆಸರು. ವ್ಯಾಪಾರದ ಮಾತು, ಹಾಡು, ಮನರಂಜನೆ ಇವುಗಳಿಗೆ ಅಲ್ಲಿ ಅವಕಾಶವಿಲ್ಲ. ನಮಗೆ ಸಮೀಪದ ಹೈದರಾಬಾದಿನಲ್ಲಿ 1983ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ಎಂಬ ಸಂಸ್ಥೆ ಸ್ಥಾಪನೆಯಾಯಿತು. 1993ರ ಲಾತೂರು ಭೂಕಂಪ, 2001ರ ಭುಜ್ ಭೂಕಂಪ ಇಂಥ ಸಂದರ್ಭಗಳಲ್ಲಿ ದೇಶದ ಹ್ಯಾಮ್‌ಗಳು ಸಂದೇಶ ಮುಟ್ಟಿಸುವ ಸೇವೆ ಸಲ್ಲಿಸಿದ್ದಾರೆ.

ಆಟವು ಸೇವೆಯಾದ ಬಗೆ

2004ರ ಡಿಸೆಂಬರಿನಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಸ್ಮರಿಸುವುದು ಉಚಿತ. ಹೈದರಾಬಾದಿನ ಆ ಸಂಸ್ಥೆಯ ಶ್ರೀಮತಿ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಒಂದು ತಂಡವು ಅಂಡಮಾನ್ ದ್ವೀಪಕ್ಕೆ ಹೋಗಿತ್ತು. ಹ್ಯಾಮ್‌ಗಳಿಗೆ ದೊರೆಯುವುದು ಅಪರೂಪವಾದ ಆ ದ್ವೀಪದಿಂದ ಜಗತ್ತಿನ ಹವ್ಯಾಸಿಗಳೊಡನೆ ಸಾಧ್ಯವಾದಷ್ಟು ಹೆಚ್ಚು ಸಂಪರ್ಕ ಮಾಡುವುದೇ ಅವರ ಉದ್ದೇಶವಾಗಿತ್ತು. ಅದೊಂದು ಬಗೆಯ ಆಟವೆಂದೇ ಹೇಳಬಹುದು. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿತು. ಆಟಕ್ಕೆಂದು ಹೂಡಿದ್ದ ಅದೇ ಯಂತ್ರ, ಅದೇ ಆಂಟೆನಾಗಳಿಂದ ಪೋರ್ಟ್ ಬ್ಲೇರಿನಿಂದ ಭಾರತದ ನೆಲಕ್ಕೆ ಸುದ್ದಿ ಹರಿಯಿತು. ಬಂಧುಗಳಿಗಾಗಿ ಪರಿತಪಿಸುತ್ತಿದ್ದವರಿಗೆ ಕ್ಷೇಮವಾರ್ತೆ ಮುಟ್ಟಿತು.

ಈ ಘಟನೆಯಿಂದ ಕಲಿಯಬೇಕಾದ ಪಾಠವೆಂದರೆ, ವಿಪತ್ತಿನ ದಿನ ಬೇಕಾಗುವ ಕೌಶಲವು ಆ ದಿನವೇ ಹುಟ್ಟುವುದಿಲ್ಲ ಎಂಬುದು. ಗದ್ದಲದ ನಡುವೆ ಕ್ಷೀಣವಾದ ಸ್ವರವನ್ನು ಹಿಡಿಯುವುದು, ಸಂಖ್ಯೆಯನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು, ತನ್ನ ಸರದಿ ಬರುವವರೆಗೆ ಸುಮ್ಮನಿರುವುದು ಇವೆಲ್ಲ ಅಭ್ಯಾಸದಿಂದಲೇ ಬರಬೇಕು. ಆ ಅಭ್ಯಾಸಕ್ಕೆ ಹ್ಯಾಮ್‌ಗಳು ಕಂಡುಕೊಂಡ ದಾರಿಯೇ ಸ್ಪರ್ಧೆ. ಅಮೆರಿಕದಲ್ಲಿ 1933ರಲ್ಲಿ ಆರಂಭವಾದ 'ಫೀಲ್ಡ್ ಡೇ' ಎಂಬ ಕಾರ್ಯಕ್ರಮ ಜೂನ್ ತಿಂಗಳಲ್ಲಿ ನಡೆಯುತ್ತದೆ. ಬಯಲಿನಲ್ಲಿ ಗುಡಾರ ಹೂಡಿ, ಬ್ಯಾಟರಿ ಅಥವಾ ಜನರೇಟರ್ ನೆರವಿನಿಂದ ಅದರಲ್ಲಿ ಭಾಗವಹಿಸುತ್ತಾರೆ.

ಸ್ಪರ್ಧೆಯ ಸ್ವರೂಪ ಸರಳವಾದುದು. ಗೊತ್ತುಪಡಿಸಿದ ಅವಧಿಯಲ್ಲಿ ಸ್ಪರ್ಧಿಯು ಇತರ ಕೇಂದ್ರಗಳನ್ನು ಸಂಪರ್ಕಿಸಿ ಕರೆಸಂಕೇತವನ್ನೂ ಒಂದು ಚಿಕ್ಕ ವಿವರವನ್ನೂ ವಿನಿಮಯ ಮಾಡಿಕೊಂಡು ಲಾಗ್ ಪುಸ್ತಕದಲ್ಲಿ ಬರೆದಿಡುತ್ತಾನೆ. ಸಂಪರ್ಕಗಳ ಅಂಕಗಳನ್ನು, ಮುಟ್ಟಿದ ಬೇರೆಬೇರೆ ಸ್ಥಳಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಅಂಕ ಬರುತ್ತದೆ. ಆದರೆ ಜಗತ್ತಿನ ದೊಡ್ಡ ಸ್ಪರ್ಧೆಗಳು ಕೆಲವು 48 ತಾಸು ನಡೆಯುತ್ತವೆ. ಎತ್ತರದ ಗೋಪುರ, ದುಬಾರಿ ಯಂತ್ರ, ಎರಡು ದಿನದ ಬಿಡುವು ಇವು ಉಳ್ಳವರೇ ಅಲ್ಲಿ ಮೇಲುಗೈ ಪಡೆಯುವುದು ಸ್ವಾಭಾವಿಕ. ನಾರಾಯಣಪೇಟೆಯ ನೇಕಾರರ ಮನೆಯ ಹುಡುಗನಿಗೂ, ಮಕ್ತಲದಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗುವ ಹುಡುಗಿಗೂ ಅದು ದೂರದ ಮಾತು. ಆದುದರಿಂದ ನಮ್ಮ ನಾರಾಯಣಪೇಟೆ, ಮಕ್ತಲ, ಗದ್ವಾಲ ಈ ಮೂರು ಊರುಗಳ ನಡುವೆ ಇಂಥದೊಂದು ಸ್ಪರ್ಧೆ ನಡೆಯಬೇಕಾದರೆ ಅದರ ನಿಯಮಗಳು ಹೇಗಿರಬೇಕು ಎಂಬುದನ್ನು ವಿಚಾರಿಸೋಣ. ಸ್ಪರ್ಧೆಗೆ ಯಾರು ಬರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದನ್ನು ನಿರ್ಧರಿಸುವುದು ಬಹುಮಾನವಲ್ಲ, ನಿಯಮಗಳು.

ಮೊದಲು ಭೂಗೋಳ

ನೇರವಾಗಿ ಅಳೆದರೆ ನಾರಾಯಣಪೇಟೆಯಿಂದ ಮಕ್ತಲ ಸುಮಾರು 27 ಕಿ.ಮೀ., ಮಕ್ತಲದಿಂದ ಗದ್ವಾಲ ಸುಮಾರು 42 ಕಿ.ಮೀ. ದೂರದಲ್ಲಿವೆ. ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರಗಳು ಬಳಸುವ 144 ಮೆಗಾಹರ್ಟ್ಸ್ ತರಂಗವು ಬಹುಮಟ್ಟಿಗೆ ನೇರ ದೃಷ್ಟಿಯಂತೆ ಸಾಗುತ್ತದೆ. ಎರಡೂ ಕಡೆ 15 ಮೀಟರ್ ಎತ್ತರಕ್ಕೆ ಆಂಟೆನಾ ಕಟ್ಟಿದರೆ ಸಮತಟ್ಟಾದ ನೆಲದಲ್ಲಿ ಅದು ಸುಮಾರು 30 ಕಿ.ಮೀ. ಮುಟ್ಟಬಹುದು. ಎಂದರೆ ನಾರಾಯಣಪೇಟೆ ಮತ್ತು ಮಕ್ತಲ ಪರಸ್ಪರ ಮಾತನಾಡಬಹುದು, ಆದರೆ ಗದ್ವಾಲ ಎಟಕಲಾರದು. ಜುರಾಲಾದ ಸಮೀಪ ಮತ್ತೊಂದು ಕೇಂದ್ರವಿದ್ದರೆ ಮಾತ್ರ ಸರಪಳಿ ಪೂರ್ತಿಯಾಗುತ್ತದೆ.

7 ಮೆಗಾಹರ್ಟ್ಸ್ ತರಂಗದ ರೀತಿ ಬೇರೆ. ಅದು ಆಕಾಶಕ್ಕೆ ಏರಿ, ಅಯಾನುಮಂಡಲದಿಂದ ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತದೆ. ಹಗಲಿನಲ್ಲಿ ಕೆಲವು ನೂರು ಕಿಲೋಮೀಟರ್ ಸುತ್ತಳತೆಗೆ ಅದು ಅನುಕೂಲ. ಇದಕ್ಕೆ ಬೇಕಾಗುವ ಆಂಟೆನಾ ಸುಮಾರು 20 ಮೀಟರ್ ಉದ್ದದ ತಾಮ್ರದ ತಂತಿ, ಅಷ್ಟೆ. ಅದನ್ನು ನಡುವೆ ಎರಡಾಗಿ ಕತ್ತರಿಸಿ, ಅಲ್ಲಿಂದ ಯಂತ್ರಕ್ಕೆ ಕೇಬಲ್ಲು ಇಳಿಸಿ, ಎರಡು ತುದಿಗಳನ್ನು ಶಾಲೆಯ ಅಂಗಳದ ಬೇವಿನ ಮರಗಳಿಗೆ ಕಟ್ಟಬಹುದು. ತಂತಿಯು ಐದಾರು ಮೀಟರ್ ಎತ್ತರದಲ್ಲಿದ್ದರೆ ತರಂಗದ ಬಹುಪಾಲು ಮೇಲಕ್ಕೇ ಹೋಗುತ್ತದೆ. ದೂರದ ದೇಶಗಳಿಗೆ ಇದು ಕೊರತೆ. ಆದರೆ ಗದ್ವಾಲ, ರಾಯಚೂರು, ಕಲಬುರಗಿ, ಕರ್ನೂಲು, ಹೈದರಾಬಾದುಗಳನ್ನು ಮುಟ್ಟಲು ಇದೇ ಅನುಕೂಲ. ನಮ್ಮ ಸ್ಪರ್ಧೆಯು ಹಗಲಿನ 7 ಮೆಗಾಹರ್ಟ್ಸನ್ನೇ ಮುಖ್ಯವಾಗಿ ಆಶ್ರಯಿಸಿದರೆ ಗೋಪುರ ಕಟ್ಟುವ ಖರ್ಚು ಯಾರಿಗೂ ಬೀಳುವುದಿಲ್ಲ.

ನಿಯಮಗಳ ವಿಚಾರ

ಮೊದಲನೆಯದು ಸಮಯ. ಸ್ಪರ್ಧೆಯು ಶನಿವಾರ ಸಂಜೆ 6ರಿಂದ ಭಾನುವಾರ ಸಂಜೆ 6ರವರೆಗೆ ತೆರೆದಿರಲಿ. ಆದರೆ ಯಾರೇ ಆಗಲಿ ಅದರಲ್ಲಿ ತಮಗೆ ಅನುಕೂಲವಾದ 6 ತಾಸುಗಳನ್ನು ಮಾತ್ರ ಲೆಕ್ಕಕ್ಕೆ ಕೊಡಲಿ. ಅರ್ಧ ತಾಸಿನ ತುಂಡುಗಳಾಗಿ ಹಂಚಿಕೊಂಡರೂ ಅಡ್ಡಿಯಿಲ್ಲ. ಮನೆಗೆಲಸ ಮುಗಿಸಿ ಬರುವ ತಾಯಿಗೂ, ಅಂಗಡಿ ಮುಚ್ಚಿ ಬರುವ ವ್ಯಾಪಾರಿಗೂ ಆಗ ಸಮಾನ ಅವಕಾಶ. ಅಮೆರಿಕದ 'ಸ್ಕೂಲ್ ಕ್ಲಬ್ ರೌಂಡಪ್' ಎಂಬ ಶಾಲಾ ಸ್ಪರ್ಧೆಯು ಸೋಮವಾರದಿಂದ ಶುಕ್ರವಾರದವರೆಗೆ ನಡೆದರೂ, ದಿನಕ್ಕೆ 6 ತಾಸು, ಒಟ್ಟು 24 ತಾಸು ಎಂಬ ಮಿತಿ ಇಟ್ಟಿರುವುದು ಇದೇ ಕಾರಣಕ್ಕೆ.

ಎರಡನೆಯದು ಶಕ್ತಿ. ಯಂತ್ರದ ಪ್ರಸಾರಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುತ್ತಾರೆ. 100 ವ್ಯಾಟಿನ ಬದಲು 5 ವ್ಯಾಟ್ ಬಳಸಿದರೆ ಶಕ್ತಿಯು ಇಪ್ಪತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಕೇಳುವವರ ಯಂತ್ರದ ಮಾಪಕದಲ್ಲಿ ಮುಳ್ಳು ಇಳಿಯುವುದು ಎರಡು ಮನೆಗಿಂತ ಸ್ವಲ್ಪ ಹೆಚ್ಚು ಮಾತ್ರ. ಚಿಕ್ಕ ಯಂತ್ರದವರು ನಿರಾಶರಾಗಬೇಕಿಲ್ಲ. ಆದರೂ ಗದ್ದಲದಲ್ಲಿ ಅವರ ಶ್ರಮ ಹೆಚ್ಚು. ಶಾಲೆಯ ಕ್ರೀಡಾಕೂಟದಲ್ಲಿ ಹತ್ತನೆಯ ತರಗತಿಯವನನ್ನೂ ಐದನೆಯ ತರಗತಿಯವನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸುವುದಿಲ್ಲವಷ್ಟೆ? ಆದುದರಿಂದ ಬ್ಯಾಟರಿಯಿಂದ ನಡೆಯುವ 5 ವ್ಯಾಟ್‌ವರೆಗಿನ ಕೇಂದ್ರದ ಅಂಕವನ್ನು 3ರಿಂದಲೂ, 50 ವ್ಯಾಟ್‌ವರೆಗಿನದನ್ನು 2ರಿಂದಲೂ, ಅದಕ್ಕೆ ಮೇಲ್ಪಟ್ಟದ್ದನ್ನು 1ರಿಂದಲೂ ಗುಣಿಸಬಹುದು. ಒಬ್ಬನು 100 ವ್ಯಾಟಿನಿಂದ 40 ಸಂಪರ್ಕ ಮಾಡಿ 10 ಸ್ಥಳಗಳನ್ನು ಮುಟ್ಟಿದರೆ ಅವನಿಗೆ 400 ಅಂಕ. ಮತ್ತೊಬ್ಬಳು 5 ವ್ಯಾಟಿನಿಂದ 20 ಸಂಪರ್ಕ ಮಾಡಿ 8 ಸ್ಥಳಗಳನ್ನು ಮುಟ್ಟಿದರೆ 160ರ ಮೂರು ಪಟ್ಟು, ಅಂದರೆ 480. ಮೊದಲನೆಯವನು 50 ಸಂಪರ್ಕ ಮಾಡಿ 12 ಸ್ಥಳ ಮುಟ್ಟಿದ್ದರೆ 600 ಪಡೆದು ಅವನೇ ಗೆಲ್ಲುತ್ತಿದ್ದನು. ರಿಯಾಯಿತಿಯು ಶ್ರಮವನ್ನು ಸರಿದೂಗಿಸಬೇಕು, ಪರಿಶ್ರಮಿಯನ್ನು ಶಿಕ್ಷಿಸಬಾರದು.

ಮೂರನೆಯದು, ಚಿಕ್ಕ ಪ್ರದೇಶದ ಸ್ಪರ್ಧೆಗಳಿಗೆ ಇರುವ ಒಂದು ತೊಡಕು. ಹತ್ತೇ ಕೇಂದ್ರಗಳಿದ್ದರೆ ಎಲ್ಲರೂ ಎಲ್ಲರೊಡನೆ ಒಂದು ತಾಸಿನಲ್ಲಿ ಮಾತನಾಡಿ ಮುಗಿಸುತ್ತಾರೆ. ಆಮೇಲೆ ಬಂದವನಿಗೆ ಉತ್ತರಿಸುವವರೇ ಇರುವುದಿಲ್ಲ. ಇದಕ್ಕೆ ಪರಿಹಾರವೆಂದರೆ, ಎರಡು ತಾಸು ಕಳೆದ ಮೇಲೆ ಅದೇ ಕೇಂದ್ರವನ್ನು ಮತ್ತೆ ಸಂಪರ್ಕಿಸಿ ಹೊಸ ಅಂಕ ಪಡೆಯಲು ಅವಕಾಶ ಕೊಡುವುದು. ಆಗ ಅನುಭವಿಗಳೂ ಮತ್ತೆ ಮತ್ತೆ ಯಂತ್ರದ ಮುಂದೆ ಬಂದು ಕೂರುತ್ತಾರೆ, ಹೊಸಬರಿಗೆ ಕರೆಗೊಟ್ಟಾಗ ಉತ್ತರ ದೊರೆಯುತ್ತದೆ.

ನಾಲ್ಕನೆಯದು ವಿನಿಮಯದ ವಿವರ. ಬಹುತೇಕ ಸ್ಪರ್ಧೆಗಳಲ್ಲಿ ಎಲ್ಲರೂ ಎಲ್ಲರಿಗೂ 'ಐದು ಒಂಬತ್ತು' ಎಂದು ಹೇಳುವ ರೂಢಿಯಿದೆ. ಸ್ವರ ಸ್ಪಷ್ಟವಾಗಿದೆ, ಬಲವಾಗಿದೆ ಎಂದು ಅದರ ಅರ್ಥ. ಸ್ವರ ಕೇಳಿಸದಿದ್ದರೂ ಹಾಗೆಯೇ ಹೇಳುವುದರಿಂದ ಅದಕ್ಕೆ ಬೆಲೆಯಿಲ್ಲ. ಅದರ ಬದಲು ಹೆಸರು, ಊರು, ಮತ್ತು ಕೇಂದ್ರವು ತಾನೇ ಆರಿಸಿದ ಮೂರಂಕಿಯ ಒಂದು ಸಂಖ್ಯೆ ಇರಲಿ. ಕೇಳಿಸಿಕೊಳ್ಳದೆ ಇದನ್ನು ಬರೆಯಲಾಗದು. ಪ್ರವಾಹದ ದಿನ ಹೇಳಬೇಕಾಗುವುದೂ ಇಂಥ ಊರಿನ ಹೆಸರು ಮತ್ತು ಅಂಕಿಗಳನ್ನೇ ಅಲ್ಲವೆ? ಕರೆಸಂಕೇತವನ್ನು ಅಂತರರಾಷ್ಟ್ರೀಯ ಪದ್ಧತಿಯಂತೆ ಉಚ್ಚರಿಸಿ, ಉಳಿದುದನ್ನು ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಹೇಳಲಿ. ಗದ್ವಾಲ, ಆಲಂಪುರಗಳು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಎರಡು ಭಾಷೆಗಳನ್ನು ಆಡುವುದು ನಮ್ಮ ಮಕ್ಕಳಿಗೆ ಹೊರೆಯಲ್ಲ, ಅದು ಅವರ ಆಸ್ತಿ.

ಐದನೆಯದು ಸಂದೇಶದ ಸರಪಳಿ. ನಾರಾಯಣಪೇಟೆಯಿಂದ ಹೊರಟ 20 ಪದಗಳ ಅಭ್ಯಾಸ ಸಂದೇಶವೊಂದು ಮಕ್ತಲ ಮತ್ತು ಜುರಾಲಾ ಸಮೀಪದ ಕೇಂದ್ರಗಳ ಮೂಲಕ ಗದ್ವಾಲ ಸೇರಬೇಕು. ತಪ್ಪಿಲ್ಲದೆ ಮುಟ್ಟಿದ ಪ್ರತಿಯೊಂದು ಪದಕ್ಕೂ ಸರಪಳಿಯ ಎಲ್ಲ ಕೇಂದ್ರಗಳಿಗೆ ಒಂದೊಂದು ಅಂಕ. ಇಲ್ಲಿ ಒಬ್ಬರನ್ನು ಸೋಲಿಸಿ ಇನ್ನೊಬ್ಬರು ಗೆಲ್ಲಲಾಗದು. ನಡುವಿನವರು ತಪ್ಪಿದರೆ ಎಲ್ಲರಿಗೂ ನಷ್ಟ.

ಪರವಾನಗಿ ಇಲ್ಲದವರ ಪಾಲು

ಪರವಾನಗಿ ಇಲ್ಲದವರು ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ. ಹಾಗೆಂದು ಅವರನ್ನು ಹೊರಗಿಡಬೇಕಾಗಿಲ್ಲ. ಕೇಳುಗರ ವಿಭಾಗವೆಂಬುದು ಹ್ಯಾಮ್ ಲೋಕದಲ್ಲಿ ಹಳೆಯ ಸಂಪ್ರದಾಯ. ಎರಡು ಕೇಂದ್ರಗಳ ಸಂಭಾಷಣೆಯನ್ನು ಕೇಳಿ, ಇಬ್ಬರ ಕರೆಸಂಕೇತ ಮತ್ತು ಸಂಖ್ಯೆಗಳನ್ನು ಸರಿಯಾಗಿ ಬರೆದವರಿಗೆ ಒಂದು ಅಂಕ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯ ಸಾಧಾರಣ ರೇಡಿಯೋದಲ್ಲಿ ಹ್ಯಾಮ್‌ಗಳ ಮಾತು ಬಾತುಕೋಳಿಯ ಕೂಗಿನಂತೆ ಕೇಳುತ್ತದೆ. ಏಕೆಂದರೆ ಅವರು ಬಳಸುವುದು 'ಸಿಂಗಲ್ ಸೈಡ್ ಬ್ಯಾಂಡ್' ಎಂಬ ಬೇರೆ ಪದ್ಧತಿ. ಆ ಸೌಲಭ್ಯವಿರುವ ರೇಡಿಯೋ ಒಂದು ಶಾಲೆಯಲ್ಲಿದ್ದರೆ ಇಡೀ ತರಗತಿಯೇ ಸುತ್ತ ಕುಳಿತು ಬರೆಯಬಹುದು.

ದೃಷ್ಟಿಯಿಲ್ಲದವರಿಗೆ ಈ ಹವ್ಯಾಸದಲ್ಲಿ ಕೊರತೆಯೇನೂ ಇಲ್ಲ. ಮೋರ್ಸ್ ಸಂಕೇತವನ್ನು ಓದುವುದು ಕಿವಿಯೇ. ಅವರ ಲಾಗನ್ನು ಮತ್ತೊಬ್ಬರು ಬರೆದುಕೊಟ್ಟರೆ ಒಪ್ಪಬೇಕೆಂದು ನಿಯಮದಲ್ಲಿಯೇ ನಮೂದಿಸಿರಬೇಕು. ಕಂಪ್ಯೂಟರಿನಲ್ಲಿ ಕಳುಹಿಸಿದ ಲಾಗಿನಂತೆಯೇ ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆಯೂ ಮಾನ್ಯವಾಗಬೇಕು.

ಲಾಗ್ ತಿದ್ದುವಾಗ ಇಬ್ಬರ ಬರವಣಿಗೆಯನ್ನು ತಾಳೆ ನೋಡುತ್ತಾರೆ. ತಪ್ಪು ಬರೆದರೆ ಹೆಚ್ಚುವರಿ ಅಂಕ ಕಳೆಯುವ ಪದ್ಧತಿ ದೊಡ್ಡ ಸ್ಪರ್ಧೆಗಳಲ್ಲಿದೆ. ಹೊಸಬರಿಗೆ ಅದು ಬೇಡ. ಆ ಒಂದು ಸಂಪರ್ಕದ ಅಂಕ ಹೋದರೆ ಸಾಕು. ಆದರೆ ತಿದ್ದಿದ ಹಾಳೆಯನ್ನು ಉತ್ತರಪತ್ರಿಕೆಯಂತೆ ಅವರಿಗೆ ಹಿಂದಿರುಗಿಸಬೇಕು. ಎಲ್ಲಿ ತಪ್ಪಿದೆವೆಂದು ತಿಳಿಯದ ವಿದ್ಯಾರ್ಥಿ ಮುಂದಿನ ಸಾರಿಯೂ ಅಲ್ಲಿಯೇ ತಪ್ಪುತ್ತಾನೆ. ಹತ್ತು ಸಂಪರ್ಕ ಪೂರೈಸಿದ ಪ್ರತಿಯೊಬ್ಬರಿಗೂ, ಹತ್ತು ಸಂಭಾಷಣೆ ಸರಿಯಾಗಿ ಬರೆದ ಕೇಳುಗರಿಗೂ ಪ್ರಶಸ್ತಿಪತ್ರವಿರಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿ

1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ದೊರೆತದ್ದು ಅಲ್ಲಿಂದಲೇ. ಒಬ್ಬ ಅಧ್ಯಾಪಕರ ಮನೆಯಲ್ಲಿ ಸಾಧ್ಯವಾದುದಕ್ಕಿಂತ ಚಿಕ್ಕದಾದ ಕೆಲಸವೊಂದು ಗಡಿನಾಡಿನ ಕನ್ನಡ ಶಾಲೆಯಲ್ಲಿ ಅಸಾಧ್ಯವಾಗಬಾರದು. ಹೈದರಾಬಾದು, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಪರೀಕ್ಷೆ ಕಟ್ಟಿ ಪರವಾನಗಿ ಪಡೆದು, ವರ್ಷಕ್ಕೊಂದು ಭಾನುವಾರ ಊರಿಗೆ ಬಂದು ಮಕ್ಕಳ ಜೊತೆ ಯಂತ್ರದ ಮುಂದೆ ಕುಳಿತರೆ ಸ್ಪರ್ಧೆಗೆ ಆರಂಭ ದೊರೆತಂತೆಯೇ. ಮೊದಲ ವರ್ಷ ಮೂರು ಊರುಗಳಿಗೆ ಮೂರು ಕೇಂದ್ರಗಳು, ಊರಿಗೊಂದು ಕೇಳುಗರ ತಂಡ ಇಷ್ಟು ಸಾಕು. ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಶಾಲೆಗೆ ಕಟ್ಟಡ, ಗಡಿಯಾರ, ಬೀರುಗಳನ್ನು ಕೊಡಲು ಮುಂದೆ ಬಂದಿರುವ ದಾನಿಗಳಿಗೆ ನಮಸ್ಕಾರಗಳು. ಅವುಗಳ ಜೊತೆಗೆ ಒಂದು ರೇಡಿಯೋ, ಒಂದು ಬ್ಯಾಟರಿ, 20 ಮೀಟರ್ ತಾಮ್ರದ ತಂತಿಯನ್ನೂ ಯಾರಾದರೂ ಕೊಡಲಿ. ಕೃಷ್ಣೆಯು ಮತ್ತೊಮ್ಮೆ ಉಕ್ಕಿದ ದಿನ, ಹೊಳೆಯ ದಂಡೆಯ ಹಳ್ಳಿಯ ಹೆಸರನ್ನು ತಪ್ಪಿಲ್ಲದೆ ಕೇಳಿ ಬರೆದುಕೊಳ್ಳಬಲ್ಲ ನಾಲ್ಕು ಮಕ್ಕಳು ನಮ್ಮ ಶಾಲೆಯವರಾಗಿರಲಿ ಎಂಬುದೇ ನನ್ನ ಹಾರೈಕೆ.